ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬಂದೀತೆ?

ಊರಿನ ಜಮೀನಿನ ಪಹಣಿಯಲ್ಲಿ ತಂದೆಯ ಹೆಸರಿದೆ, ನಗರದ ನಿವೇಶನದ ಖಾತೆ ತಮ್ಮ ಹೆಸರಿನಲ್ಲಿದೆ. ಹೀಗಾಗಿ ಆಸ್ತಿಯ ಬಗ್ಗೆ ಚಿಂತೆಯಿಲ್ಲವೆಂದು ನಂಬಿರುವವರು ಅನೇಕರು. ಆದರೆ ಕಾನೂನಿನ ದೃಷ್ಟಿಯಲ್ಲಿ ಪಹಣಿ ಮತ್ತು ಖಾತೆಗಳು ಒಡೆತನಕ್ಕೆ ಪೂರಕ ದಾಖಲೆಗಳೇ ಹೊರತು ಒಡೆತನವನ್ನು ಸೃಷ್ಟಿಸುವ ಪತ್ರಗಳಲ್ಲ.

ಒಡೆತನವೆಂಬುದು ಹಲವು ಹಕ್ಕುಗಳ ಸಮೂಹ. ಭೂಮಿಯನ್ನು ಸ್ವಾಧೀನದಲ್ಲಿರಿಸಿಕೊಳ್ಳುವುದು, ಅದರ ಫಲವನ್ನು ಅನುಭವಿಸುವುದು, ಅತಿಕ್ರಮಿಸುವವರನ್ನು ತಡೆಯುವುದು, ಮಾರುವುದು, ದಾನ ನೀಡುವುದು, ಅಡವಿಡುವುದು, ಉಯಿಲು ಬರೆಯುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಹಾಗೆಂದು ಇವು ನಿರಂಕುಶವಲ್ಲ. ಕೃಷಿ ಭೂಮಿಯಲ್ಲಿ ಬಡಾವಣೆ ನಿರ್ಮಿಸಲು ಹೊರಟವರು ಭೂಪರಿವರ್ತನೆಯ ನಿಯಮಗಳಿಗೆ ತಲೆಬಾಗಲೇಬೇಕು.

ಹಕ್ಕು ಬರುವುದು ಹೇಗೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಕಡ್ಡಾಯ. ಕೇವಲ ಕರಾರುಪತ್ರ ಇಲ್ಲವೇ ಜನರಲ್ ಪವರ್ ಆಫ್ ಅಟಾರ್ನಿ ಪಡೆದವರಿಗೆ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಾರಸುದಾರಿಕೆ, ವಿಭಾಗ ಮತ್ತು ಉಯಿಲಿನ ಮೂಲಕವೂ ಹಕ್ಕು ಬರುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲಿದೆ. 2005ರ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಹಾಗಾದರೆ ಪಹಣಿಯ ಬೆಲೆಯೇನು? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ, ಅದರಲ್ಲಿನ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸತಕ್ಕದ್ದು. ಆದರೆ ಹಕ್ಕಿನ ವಿವಾದ ಎದ್ದಾಗ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ ವಿನಾ ತಹಶೀಲ್ದಾರರ ಕಚೇರಿಯಲ್ಲ.

ಹನ್ನೆರಡು ವರ್ಷಗಳ ಗಡುವು

ಊರು ಬಿಟ್ಟು ನಗರ ಸೇರಿದವರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಮಾಲೀಕನ ಹಕ್ಕನ್ನು ನಿರಾಕರಿಸಿ ಬಹಿರಂಗವಾಗಿ, ನಿರಂತರವಾಗಿ 12 ವರ್ಷ ಭೂಮಿಯನ್ನು ಅನುಭವಿಸಿದವನ ವಿರುದ್ಧ ಮಾಲೀಕ ದಾವೆ ಹೂಡದಿದ್ದರೆ ಆತನ ಹಕ್ಕೇ ನಶಿಸುತ್ತದೆ. ಇದೇ ಪ್ರತಿಕೂಲ ಸ್ವಾಧೀನ. ಪಹಣಿಯಲ್ಲಿ ಹೆಸರು ಉಳಿದಿದ್ದ ಮಾತ್ರಕ್ಕೆ ಈ ಗಡುವು ನಿಲ್ಲದು. ಆದರೆ ಮಾಲೀಕನ ಅನುಮತಿಯಿಂದ ನೆಲೆಸಿದ ಬಾಡಿಗೆದಾರ ಅಥವಾ ಕಾವಲುಗಾರ ಎಷ್ಟು ವರ್ಷ ಕಳೆದರೂ ಅಷ್ಟಕ್ಕೇ ಒಡೆಯನಾಗಲಾರ.

ಸರ್ಕಾರದ ಎದುರು

1978ರ 44ನೇ ತಿದ್ದುಪಡಿಯ ಬಳಿಕ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. ಆದರೂ ಸಂವಿಧಾನದ 300ಎ ವಿಧಿಯಂತೆ, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ. ನೋಟಿಸ್, ಆಕ್ಷೇಪಣೆಗೆ ಅವಕಾಶ, ಕಾರಣಸಹಿತ ಆದೇಶ, ಸಾರ್ವಜನಿಕ ಉದ್ದೇಶ ಮತ್ತು ನ್ಯಾಯಯುತ ಪರಿಹಾರ ಈ ರಕ್ಷಣೆಯ ಅಂಗಗಳೆಂದು ಸುಪ್ರೀಂ ಕೋರ್ಟ್ 2024ರಲ್ಲಿ ವಿವರಿಸಿದೆ.

ಮೂಲಪತ್ರಗಳನ್ನು ಜೋಪಾನವಾಗಿಡುವುದು, ಆಗಾಗ್ಗೆ ಋಣಭಾರ ಪತ್ರ ಪಡೆದು ಪರಿಶೀಲಿಸುವುದು, ಹಿರಿಯರು ತೀರಿಕೊಂಡಾಗ ತಡಮಾಡದೆ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದು, ಸಂಶಯವಿದ್ದಲ್ಲಿ ಹದ್ದುಬಸ್ತು ಮಾಡಿಸುವುದು ಮಾಲೀಕರ ಕೈಯಲ್ಲಿಯೇ ಇರುವ ಕೆಲಸಗಳು. ಕಾನೂನು ಹಕ್ಕನ್ನು ಕೊಟ್ಟಿದೆ. ಅದನ್ನು ಕಾಯುವ ಹೊಣೆ ಮಾತ್ರ ಹಕ್ಕುದಾರನದೇ.