ಧೂಳಿಗೆ ಸಾಕ್ಷಿ ಯಾರು?

ಹೋದ ಸೆಮಿಸ್ಟರ್ ಎಕ್ಸಾಮ್ ಮುಗಿದ ವಾರ ನಾವು ಐದು ಜನ ಮಧುಗಿರಿ ಬೆಟ್ಟ ಹತ್ತೋಕೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಊರು ಕೊರಟಗೆರೆ ಕಡೆ, ಹಾಗಾಗಿ ಇಳಿದ ಮೇಲೆ ಅವರ ಮನೆಯಲ್ಲೇ ಊಟ. ಅವನ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ವಯಸ್ಸು ಇನ್ನೂ ಐವತ್ತು ದಾಟಿಲ್ಲ. ಆದರೆ ಒಳಗಿಂದ ಒಂದು ಚೊಂಬು ನೀರು ತರೋಷ್ಟರಲ್ಲಿ ಎರಡು ಸಲ ನಿಂತು ಉಸಿರು ತಗೊಂಡ್ರು. ಹದಿನಾರು ವರ್ಷ ಕಲ್ಲು ಕ್ವಾರಿಗಳಲ್ಲಿ ಡ್ರಿಲ್ ಹಿಡಿದವರು. ಟಿಬಿ ಅಂತ ಎರಡು ಸಲ ಪೂರ್ತಿ ಕೋರ್ಸ್ ಮಾತ್ರೆ ನುಂಗಿದ್ದರು, ಉಸಿರಾಟ ಸರಿಹೋಗಲಿಲ್ಲ. ಕೆಲವು ತಿಂಗಳ ಹಿಂದೆ ಎಕ್ಸ್‌ರೇ ನೋಡಿದ ಡಾಕ್ಟರ್ ಒಬ್ಬರು ಬೇರೆ ಹೆಸರು ಹೇಳಿದ್ದಾರೆ: ಸಿಲಿಕೋಸಿಸ್.

‘ಇದಕ್ಕೆ ಕೇಸ್ ಹಾಕಬಹುದಾ?’ ಅಂತ ಗೆಳೆಯ ಕೇಳಿದ. ನಮಗ್ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಒಂದಿಷ್ಟು ಓದಿ, ಮಧುಗಿರಿಯ ವಕೀಲರೊಬ್ಬರ ಹತ್ತಿರ ಕೂತು ತಿಳ್ಕೊಂಡದ್ದನ್ನು ಇಲ್ಲಿ ಬರೀತಿದ್ದೀವಿ.

ಮೊದಲು ರೋಗದ ವಿಷಯ. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇರುತ್ತೆ ಅಂತ ಜಿಯಾಲಜಿ ಕ್ಲಾಸಲ್ಲಿ ಓದಿದ್ದೀವಿ. ಕ್ವಾರ್ಟ್ಜ್ ಅಂದರೆ ಸಿಲಿಕಾ. ಕಲ್ಲಿಗೆ ಡ್ರಿಲ್ ಹಾಕಿದಾಗ, ಜಲ್ಲಿ ಮಾಡಿದಾಗ ಏಳುವ ಧೂಳಿನಲ್ಲಿ ದೊಡ್ಡ ಕಣಗಳು ಮೂಗು, ಗಂಟಲಲ್ಲೇ ನಿಲ್ಲುತ್ತವೆ. ಐದು ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ತಳದವರೆಗೂ ಹೋಗ್ತವೆ. ಅದನ್ನು ನುಂಗಿ ಹಾಕೋಕೆ ಬಂದ ರಕ್ಷಣಾ ಜೀವಕೋಶಗಳೇ ಸಾಯುತ್ತವೆ, ಆ ಜಾಗದಲ್ಲಿ ಕಲೆ ಕಟ್ಟುತ್ತೆ. ಕಲೆ ಕಟ್ಟಿದ ಭಾಗ ಮತ್ತೆ ಮೊದಲಿನಂತೆ ಆಗೋದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೀಬಹುದು. ಎಕ್ಸ್‌ರೇಯಲ್ಲಿ ನೋಡೋಕೆ ಟಿಬಿ ಥರ ಕಾಣೋದುಂಟು. ಸಿಲಿಕಾ ಇದ್ದವರಿಗೆ ಟಿಬಿ ಬರೋ ಸಾಧ್ಯತೆಯೂ ಜಾಸ್ತಿ. ಹಾಗಾಗಿ ಎರಡನ್ನೂ ಬೇರೆ ಮಾಡೋದು ಕಷ್ಟ.

ಇನ್ನು ಕಾನೂನು. ಶಿರಾ ಹೈವೇಯಲ್ಲಿ ಬೈಕ್‌ಗೆ ಲಾರಿ ಗುದ್ದಿದರೆ ದಾರಿ ಗೊತ್ತಿದೆ: ಎಫ್‌ಐಆರ್, ಗಾಡಿ ನಂಬರ್, ಇನ್ಶೂರೆನ್ಸ್, ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿ. ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಬಹುದು. ಧೂಳು ಗುದ್ದಿದ ದಿನ ಯಾವುದು?

ಈ ಪ್ರಶ್ನೆಗೆ ನಮ್ಮ ಕಾನೂನು 1923ರಲ್ಲೇ ಉತ್ತರ ಕೊಟ್ಟಿದೆ. ಆ ವರ್ಷದ ಕಾರ್ಮಿಕರ ಪರಿಹಾರ ಕಾಯ್ದೆ ಕೆಲಸದಿಂದ ಬರುವ ಕೆಲವು ರೋಗಗಳನ್ನು ‘ಅಪಘಾತ’ ಅಂತಲೇ ಲೆಕ್ಕ ಹಾಕುತ್ತಿತ್ತು. ಅದರ ಮೂರನೇ ಷೆಡ್ಯೂಲ್‌ನಲ್ಲಿ ಸಿಲಿಕೋಸಿಸ್ ಹೆಸರಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಪಟ್ಟಿ ಉಳಿದಿದೆ. ಅಂಥ ಕೆಲಸವನ್ನು ನಿಗದಿತ ಅವಧಿ ಮಾಡಿದ್ದಾನೆ ಅಂತ ಕಾರ್ಮಿಕ ತೋರಿಸಿದರೆ ಸಾಕು, ರೋಗ ಬೇರೆ ಕಡೆಯಿಂದ ಬಂತು ಅಂತ ಸಾಬೀತು ಮಾಡೋದು ಮಾಲೀಕನ ಹೊಣೆ. ಹಲವು ಮಾಲೀಕರ ಕೈಕೆಳಗೆ ದುಡಿದಿದ್ದರೆ ಪರಿಹಾರವನ್ನು ಅವರೆಲ್ಲರಿಗೂ ಹಂಚಬಹುದು. ಕ್ಲೇಮು ಹಾಕೋಕೆ ಎರಡು ವರ್ಷ ಟೈಮ್. ಕೆಲಸ ಬಿಟ್ಟ ಮೇಲೆ ರೋಗ ಕಾಣಿಸಿಕೊಂಡರೆ, ಲಕ್ಷಣ ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನ ಅಂತ ಹಿಡೀತಾರೆ.

ಪರಿಹಾರಕ್ಕೂ ಫಾರ್ಮುಲಾ ಇದೆ. ಶಾಶ್ವತವಾಗಿ ದುಡಿಯೋಕೇ ಆಗದಂತಾದರೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ಕೊಟ್ಟಿರುವ ಅಂಕಿಯಿಂದ ಗುಣಿಸಬೇಕು. 1923ರ ಕಾಯ್ದೆಯ ಪಟ್ಟಿಯಲ್ಲಿ 40 ವರ್ಷಕ್ಕೆ ಆ ಅಂಕಿ 184.17. ಕೂಲಿ 15,000 ರೂಪಾಯಿ ಅಂತ ಹಿಡಿದರೆ 9,000 × 184.17, ಅಂದರೆ 16,57,530 ರೂಪಾಯಿ. ಇಷ್ಟು ನೋಡಿ ನಮಗೆ ‘ಅರೆ, ಸುಲಭ ಇದೆಯಲ್ಲ’ ಅನ್ನಿಸಿತು.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಾಲಿಸಿಟರ್ ದಾಖಲೆ ಕೂಡಿಸ್ತಾರೆ, ಬ್ಯಾರಿಸ್ಟರ್ ಕೋರ್ಟಿನಲ್ಲಿ ವಾದಿಸ್ತಾರೆ. ಕೈಗಾರಿಕಾ ರೋಗಗಳ ಕೇಸನ್ನೇ ನಡೆಸುವ ಬ್ಯಾರಿಸ್ಟರ್‌ಗಳೂ ಅಲ್ಲಿದ್ದಾರೆ. ನಮ್ಮಲ್ಲಿ ಎರಡೂ ಕೆಲಸ ಒಬ್ಬ ವಕೀಲರದೇ. ಮಧುಗಿರಿಯ ವಕೀಲರು ಫಾರ್ಮುಲಾ ಪಕ್ಕಕ್ಕಿಟ್ಟು ಮೂರೇ ಪ್ರಶ್ನೆ ಕೇಳಿದರು. ಸಿಲಿಕೋಸಿಸ್ ಅಂತ ಬರೆದ ಸರ್ಟಿಫಿಕೇಟ್ ಇದೆಯಾ? ಎಲ್ಲೆಲ್ಲಿ, ಎಷ್ಟೆಷ್ಟು ವರ್ಷ ಕೆಲಸ? ಕೂಲಿ ಕೊಟ್ಟ ಕಾಗದ ಇದೆಯಾ?

ದೊಡ್ಡಪ್ಪನ ಹತ್ತಿರ ಎಕ್ಸ್‌ರೇ ಕವರ್ ಬಿಟ್ಟರೆ ಏನೂ ಇಲ್ಲ. ಡಾಕ್ಟರ್ ಬಾಯಲ್ಲಿ ಹೇಳಿದ್ದಾರೆ, ಚೀಟಿಯಲ್ಲಿ ‘ಶ್ವಾಸಕೋಶದ ತೊಂದರೆ’ ಅಂತಿದೆ. ಕೂಲಿ ಶನಿವಾರ ಸಂಜೆ ಕೈಗೆ ಬರ್ತಿತ್ತು. ನಾಲ್ಕು ಕ್ವಾರಿಗಳಲ್ಲಿ ದುಡಿದಿದ್ದಾರೆ, ಒಂದರ ಹಾಜರಿ ಪುಸ್ತಕದಲ್ಲೂ ಅವರ ಹೆಸರಿದ್ದದ್ದು ಅವರು ನೋಡಿಲ್ಲ.

ಹೋಲಿಕೆಗೆ ಕೆಜಿಎಫ್ ನೋಡಿ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರ ತಪಾಸಣೆ ನಡೆದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಅದು ಭಯಾನಕವೇ. ಆದರೆ ಅಲ್ಲಿ ದೊಡ್ಡ ಕಂಪನಿಗಳು, ಆಸ್ಪತ್ರೆ, ರಿಜಿಸ್ಟರ್ ಇದ್ದವು. ರೋಗಕ್ಕೆ ಲೆಕ್ಕ ಸಿಕ್ಕಿತು. ಹತ್ತು ಹದಿನೈದು ಜನರ ಕ್ವಾರಿಯಲ್ಲಿ ಲೆಕ್ಕ ಇಡೋರು ಯಾರು?

ಒಬ್ಬನಿಂದ ಆಗದ್ದು ಕೆಲವು ಸಲ ಗುಂಪಿನಿಂದ ಆಗಿದೆ. ಮಧ್ಯಪ್ರದೇಶದ ಆದಿವಾಸಿಗಳು ಗುಜರಾತಿನ ಗೋಧ್ರಾ ಸುತ್ತಲಿನ ಕ್ವಾರ್ಟ್ಜ್ ಪುಡಿ ಘಟಕಗಳಿಗೆ ದುಡಿಯೋಕೆ ಹೋಗಿ ಸಿಲಿಕೋಸಿಸ್‌ನಿಂದ ಸತ್ತರು. ಸುಪ್ರೀಂ ಕೋರ್ಟಿನಲ್ಲಿ 2006ರಲ್ಲಿ ಅರ್ಜಿ ದಾಖಲಾಯಿತು. 238 ಮೃತರ ಕುಟುಂಬಗಳಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡಬೇಕು ಅಂತ ಗುಜರಾತ್ ಸರ್ಕಾರಕ್ಕೆ ಆದೇಶ ಬಂದದ್ದು 2016ರಲ್ಲಿ. ಹತ್ತು ವರ್ಷ ಹಿಡೀತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಿಗೆ ಸಾಮೂಹಿಕ ದಾವೆ ಹೂಡೋಕೆ 2016ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಸುಮಾರು 500 ಕೋಟಿ ರಾಂಡ್‌ಗಳ ಒಪ್ಪಂದಕ್ಕೆ ಕೋರ್ಟಿನ ಮೊಹರು ಬಿತ್ತು. ಇಂಥ ದಾವೆಯಲ್ಲೂ ಕೊನೆಗೆ ಒಬ್ಬೊಬ್ಬರೂ ತಮ್ಮ ರೋಗ, ತಮ್ಮ ಕೆಲಸದ ವರ್ಷ ತೋರಿಸಲೇಬೇಕು. ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕಾರ್ಮಿಕರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಆರೋಗ್ಯದ ದಾಖಲೆಗಳನ್ನು 40 ವರ್ಷ ಇಟ್ಟಿರಬೇಕು ಅಂದದ್ದು ಯಾಕೆ ಅಂತ ಈಗ ಅರ್ಥ ಆಗುತ್ತೆ. ಧೂಳಿನ ರೋಗ ನಿಧಾನ, ಕಾಗದ ಅದಕ್ಕಿಂತ ಹೆಚ್ಚು ಕಾಲ ಬದುಕಿರಬೇಕು.

ಈಗ ದೊಡ್ಡಪ್ಪನ ಕೆಲಸ ಹೀಗೆ ಸಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ರೋಗದ ಹೆಸರು, ಕೆಲಸದ ವಿವರ ಎರಡನ್ನೂ ಬರೆಸಿಕೊಳ್ಳಬೇಕು. ಜೊತೆಗೆ ಡ್ರಿಲ್ ಹಿಡಿದಿದ್ದ ಮೂವರು ಸಾಕ್ಷಿ ಹೇಳೋಕೆ ಒಪ್ಪಿದ್ದಾರೆ. ಅವರಲ್ಲಿ ಒಬ್ಬರಿಗೂ ಅದೇ ಕೆಮ್ಮು. ಎರಡು ವರ್ಷದ ಗಡುವಿನಲ್ಲಿ ಕೆಲವು ತಿಂಗಳು ಆಗಲೇ ಕಳೆದಿವೆ. ಗೆಲ್ತಾರಾ ಅಂದರೆ ಹೇಳೋಕಾಗಲ್ಲ.

ನಾವು ಸಿವಿಲ್‌ನವರು. ಇನ್ನು ಮೂರು ವರ್ಷಕ್ಕೆ ನಮ್ಮಲ್ಲಿ ಕೆಲವರಾದರೂ ಯಾವುದೋ ಸೈಟಿನಲ್ಲೋ ಕ್ರಷರ್‌ನಲ್ಲೋ ಇರ್ತೀವಿ. ಡ್ರಿಲ್‌ಗೆ ನೀರಿನ ಪೈಪ್ ಜೋಡಿಸಿದರೆ ಧೂಳು ಏಳೋದೇ ಎಷ್ಟೋ ಕಡಿಮೆ ಆಗುತ್ತೆ, ಅದನ್ನು ಹಾಕಿಸೋದು ಸೈಟ್ ಇಂಜಿನಿಯರ್. ಹಾಜರಿ ಪುಸ್ತಕ ಬರೆಯೋರು, ಸಹಿ ಹಾಕೋರೂ ನಾವೇ ಆಗಿರಬಹುದು. ಅವತ್ತು ಕೂಲಿಯವರ ಹೆಸರು ಬರೆಯದೆ ‘ಎಂಟು ಜನ’ ಅಂತಷ್ಟೇ ಬರೆದರೆ, ಇಪ್ಪತ್ತು ವರ್ಷದ ನಂತರ ಯಾವುದೋ ಜಗಲಿ ಮೇಲೆ ಕೂತವರಿಗೆ ತೋರಿಸೋಕೆ ಒಂದು ಸಾಲೂ ಇರೋದಿಲ್ಲ.