ಕೆರೆಯ ಮೇಲೆ ತೇಲಿದ ದೂರದರ್ಶಕ

ಸಾಕ್ಷಿಯ ಮಾತನ್ನು ನಂಬುವ ಮುನ್ನ ಸಾಕ್ಷಿಯನ್ನೇ ಪರೀಕ್ಷಿಸಬೇಕೆಂಬುದು ನ್ಯಾಯಾಲಯದ ಹಳೆಯ ಪಾಠ. ವಿಶ್ವದ ಬಾಲ್ಯವನ್ನು ಅರಸುವ ವಿಜ್ಞಾನಿಗಳಿಗೂ ಈ ಪಾಠ ಅನ್ವಯಿಸುತ್ತದೆ. ಅವರ ಪಾಲಿಗೆ ಸಾಕ್ಷಿಯೆಂದರೆ ದೂರದರ್ಶಕ. ಅದು ಆಕಾಶದ ಮಾತನ್ನು ಹೇಳುತ್ತಿದೆಯೋ, ತನ್ನದೇ ಮಾತನ್ನು ಸೇರಿಸುತ್ತಿದೆಯೋ ಎಂಬುದು ಮೊದಲು ತೀರ್ಮಾನವಾಗಬೇಕು.

ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು ಇಂದಿಗೂ ಎಲ್ಲ ದಿಕ್ಕುಗಳಿಂದ ಭೂಮಿಯನ್ನು ತಲುಪುತ್ತಿದೆ. ವಿಶ್ವ ಹಿಗ್ಗಿದಂತೆ ಆ ಬೆಳಕಿನ ಅಲೆಗಳೂ ಹಿಗ್ಗಿ ಸೂಕ್ಷ್ಮತರಂಗಗಳಾಗಿವೆ. ಅದರ ಉಷ್ಣತೆ ಈಗ ಪರಮಶೂನ್ಯಕ್ಕಿಂತ ಕೇವಲ 2.7 ಡಿಗ್ರಿ ಹೆಚ್ಚು. ಇದೇ ವಿಶ್ವದ ಹಿನ್ನೆಲೆ ವಿಕಿರಣ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ ಅದು ಎಡೆಬಿಡದ ಗದ್ದಲವಾಗಿ ಕಾಣಿಸಿಕೊಂಡಿತು. ಅವರು ಮೊದಲು ಶಂಕಿಸಿದ್ದು ತಮ್ಮ ಉಪಕರಣವನ್ನೇ. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆಯನ್ನೂ ತೊಳೆದು ನೋಡಿದರು. ಗದ್ದಲ ಹೋಗಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಆ ಬೆಳಕು ಹೊರಟ ಮೇಲೆ ಬಹುಕಾಲ ವಿಶ್ವದಲ್ಲಿ ನಕ್ಷತ್ರಗಳಿರಲಿಲ್ಲ. ಹೈಡ್ರೋಜನ್ ಅನಿಲವೇ ತುಂಬಿತ್ತು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಆ ಅನಿಲವು ಹಿನ್ನೆಲೆ ವಿಕಿರಣದ ಅಲ್ಪಾಂಶವನ್ನು 21 ಸೆಂಟಿಮೀಟರ್ ಅಲೆಯಲ್ಲಿ ಹೀರಿಕೊಂಡಿರಬೇಕೆಂಬುದು ಸಿದ್ಧಾಂತ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ವೀಕ್ಷಣೆ ನಡೆಸಿದ ಎಡ್ಜಸ್ ತಂಡವು ಅಂಥ ತಗ್ಗೊಂದನ್ನು 78 ಮೆಗಾಹರ್ಟ್ಸ್ ಬಳಿ ಕಂಡೆವೆಂದು ಪ್ರಕಟಿಸಿತು. ಅಂದರೆ 21 ಸೆಂಟಿಮೀಟರಿನ ಅಲೆ ಸುಮಾರು 18 ಪಟ್ಟು ಹಿಗ್ಗಿ, ನಮ್ಮ ಎಫ್‌.ಎಂ. ರೇಡಿಯೊ ಪಟ್ಟಿಯ ಕೆಳಗೇ ಬಂದು ನಿಂತಿತ್ತು. ಆದರೆ ಆ ತಗ್ಗಿನ ಆಳ ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು. ಅದು ನಿಜವಾಗಿದ್ದರೆ ಭೌತವಿಜ್ಞಾನಕ್ಕೆ ಹೊಸ ಅಧ್ಯಾಯವನ್ನೇ ಸೇರಿಸಬೇಕಿತ್ತು.

ಸರ್ ಸಿ.ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಹೇಳಿಕೆಯನ್ನು ಪಾಟೀಸವಾಲಿಗೆ ಒಳಪಡಿಸಿದರು. ತಗ್ಗು ಬಂದದ್ದು ಆಕಾಶದಿಂದಲೋ, ಉಪಕರಣದಿಂದಲೋ? ಈ ಆವರ್ತಾಂಕಗಳಲ್ಲಿ ನಮ್ಮ ಆಕಾಶಗಂಗೆಯ ಸದ್ದು ಸಾವಿರಾರು ಕೆಲ್ವಿನ್‌ನಷ್ಟಿರುತ್ತದೆ. ಹುಡುಕುವ ಸಂಕೇತ ಒಂದು ಕೆಲ್ವಿನ್‌ಗಿಂತಲೂ ಕಡಿಮೆ. ಉಪಕರಣದ ಅತಿ ಸಣ್ಣ ದೋಷವೂ ಇಲ್ಲಿ ಸಂಕೇತದ ವೇಷ ತೊಡಬಲ್ಲದು.

ಶಂಕೆಗೆ ಒಳಗಾಗುವವರಲ್ಲಿ ಆಂಟೆನಾದ ಕೆಳಗಿನ ನೆಲವೂ ಒಂದು. ಕಂಗ್ಟಿ, ನಾರಾಯಣಖೇಡ ಕಡೆಯಲ್ಲಿ ಬಾವಿ ತೋಡುವುದನ್ನು ನೋಡಿದವರಿಗೆ ಮಣ್ಣು ಪದರ ಪದರವಾಗಿರುತ್ತದೆಂದು ಹೇಳಬೇಕಾಗಿಲ್ಲ: ಮೇಲೆ ಮಣ್ಣು, ಕೆಳಗೆ ಮೊರಂ, ಅದರಡಿ ಬಂಡೆ. ರೇಡಿಯೊ ಅಲೆ ಪ್ರತಿ ಪದರದಲ್ಲೂ ಸ್ವಲ್ಪ ಪ್ರತಿಫಲಿಸಿ ಮೇಲೆ ಬರುತ್ತದೆ. ಆ ಪ್ರತಿಧ್ವನಿಗಳು ಕೆಲವು ಆವರ್ತಾಂಕಗಳನ್ನು ಹೆಚ್ಚಿಸಿ ಕೆಲವನ್ನು ತಗ್ಗಿಸುತ್ತವೆ. ನೀರಿನಲ್ಲಿ ಇಂಥ ಪದರಗಳಿಲ್ಲ. ಮೇಲಿನಿಂದ ಆಳದವರೆಗೆ ಅದು ಬಹುಮಟ್ಟಿಗೆ ಒಂದೇ ಸಮ. ಆದ್ದರಿಂದ ಆಂಟೆನಾವನ್ನು ನೀರಿನ ಮೇಲೆ ತೇಲಿಸುವ ವಿನ್ಯಾಸ ರೂಪುಗೊಂಡಿತು.

‘ಸರಸ್-3’ ಎಂಬ ಈ ದೂರದರ್ಶಕವನ್ನು ತೆಪ್ಪದ ಮೇಲಿರಿಸಿ, 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು: ಆಸ್ಟ್ರೇಲಿಯದಲ್ಲಿ ಕಂಡ ಆಕಾರದ ತಗ್ಗು ಇಲ್ಲಿ ಕಾಣಲಿಲ್ಲ, ಅದನ್ನು ಶೇ. 95.3ರ ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಲಾಯಿತು.

ಶೇ. 95.3 ಎಂದರೆ ನೂರಕ್ಕೆ ನೂರಲ್ಲ. ಆದುದರಿಂದ ಇದನ್ನು ಅಂತಿಮ ತೀರ್ಪೆಂದು ಕರೆಯಲಾಗದು. ಬೇರೆ ದೇಶಗಳ ತಂಡಗಳೂ ಹುಡುಕಾಟ ಮುಂದುವರಿಸಿವೆ. ಆದರೂ ‘ಕಾಣಲಿಲ್ಲ’ ಎಂಬ ಉತ್ತರಕ್ಕಾಗಿ ವರ್ಷಗಟ್ಟಲೆ ದುಡಿದು, ಅದನ್ನು ನಿಸ್ಸಂಕೋಚವಾಗಿ ಪ್ರಕಟಿಸುವುದು ವಿಜ್ಞಾನದ ದೊಡ್ಡತನ. ಮುಂದಿನ ಹೆಜ್ಜೆಯಾಗಿ, ಭೂಮಿಯ ರೇಡಿಯೊ ಗದ್ದಲ ತಲುಪದ ಚಂದ್ರನ ಹಿಂಬದಿಯಿಂದ ಆಲಿಸುವ ‘ಪ್ರತುಷ್’ ಯೋಜನೆಯನ್ನು ಅದೇ ಸಂಸ್ಥೆ ರೂಪಿಸುತ್ತಿದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ ಮತ್ತು ಜಹೀರಾಬಾದ್ ಭಾಗಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟವು, ಮನೆಮಾತು ಬೇರ್ಪಡಲಿಲ್ಲ. ಇಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆತಾಯಿಗಳನ್ನು ಒಂದು ಅಳುಕು ಕಾಡುತ್ತದೆ: ಈ ಮಾಧ್ಯಮದಲ್ಲಿ ಕಲಿತವರಿಗೆ ದೊಡ್ಡ ವಿಜ್ಞಾನ ದಕ್ಕೀತೇ? ಅಲೆ, ಪ್ರತಿಫಲನ, ಆವರ್ತಾಂಕ, ಹೈಡ್ರೋಜನ್ ಇವೆಲ್ಲ ಪ್ರೌಢಶಾಲೆಯ ಕನ್ನಡ ಪಠ್ಯದ ಪದಗಳೇ. ಇಂಗ್ಲಿಷನ್ನು ಮುಂದೆ ಕಲಿಯಲೇಬೇಕು, ಕಲಿಯಬಹುದು ಕೂಡ. ಆದರೆ ‘ಈ ಸದ್ದು ಎಲ್ಲಿಂದ ಬಂತು?’ ಎಂದು ಕೇಳಿ, ಉತ್ತರ ಸಿಕ್ಕ ಮೇಲೂ ಪರೀಕ್ಷಿಸುವ ಅಭ್ಯಾಸ ಮನೆಮಾತಿನಲ್ಲಿಯೇ ಬೇರೂರಬೇಕು. ಮಕ್ಕಳನ್ನು ಒಮ್ಮೆ ಊರಿನ ತೆರೆದ ಬಾವಿಯ ಬಳಿ ಕರೆದೊಯ್ದು, ಗೋಡೆಯ ಪದರಗಳನ್ನು ಎಣಿಸಲು ಹೇಳಿರಿ. ಆಮೇಲೆ ಕೆರೆಯ ನೀರನ್ನು ತೋರಿಸಿ, ವಿಜ್ಞಾನಿಗಳು ಇದನ್ನೇಕೆ ಆರಿಸಿಕೊಂಡರೆಂದು ಕೇಳಿರಿ.