ಅಡುಗೆಮನೆ ಕಸ ಗೊಬ್ಬರವಾಗುವ ಬದಲು ನಾರುವುದೇಕೆ?

ಮೂರು ವರ್ಷದ ಹಿಂದೆ ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಗೊಬ್ಬರ ಮಾಡಲು ಹೊರಟಿದ್ದೆ. ಒಂದು ಹಳೆಯ ಪೇಂಟ್ ಡಬ್ಬಿ, ಅದಕ್ಕೊಂದು ಬಿಗಿಯಾದ ಮುಚ್ಚಳ. ದಿನವೂ ತರಕಾರಿ ಸಿಪ್ಪೆ, ಟೀ ಚರಟ, ಉಳಿದ ಅನ್ನ ಸುರಿದೆ. ಒಂಬತ್ತನೇ ದಿನ ಪಕ್ಕದ ಮನೆ ಆಂಟಿ ಬಾಗಿಲು ತಟ್ಟಿ, "ಎಲ್ಲೋ ಇಲಿ ಗಿಲಿ ಸತ್ತಿರಬೇಕು, ಒಂಚೂರು ನೋಡಮ್ಮಾ" ಅಂದರು. ಮುಚ್ಚಳ ತೆಗೆದರೆ ತಳದಲ್ಲಿ ಕಪ್ಪು ನೀರು, ಮೇಲೆ ಮಿಜಿಗುಡುವ ಹುಳ. ಎಲ್ಲವನ್ನೂ ಕಸದ ಗಾಡಿಗೆ ಹಾಕಿ, ಇದು ಹಳ್ಳಿ ಮನೆಗೆ ಸರಿ, ಫ್ಲ್ಯಾಟಿಗಲ್ಲ ಎಂದು ತೀರ್ಮಾನಿಸಿದೆ.

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಗೆ ಈ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬರೀ ಹಸಿದೇ ಹಾಕಿದ್ರೆ ನಾರದೆ ಇನ್ನೇನು? ದರಕು ಎಲ್ಲಿ?"

ದರಕು ಅಂದರೆ ಒಣಗಿ ಉದುರಿದ ಎಲೆ. ಮಲೆನಾಡಿನಲ್ಲಿ ಬೇಸಿಗೆಯಲ್ಲಿ ಗುಡಿಸಿ ತಂದು ಕೂಡಿಟ್ಟು, ವರ್ಷವಿಡೀ ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ, ಗಂಜಲ ಅದರಲ್ಲಿ ಬೆರೆತು ಗೊಬ್ಬರಗುಂಡಿ ಸೇರುತ್ತದೆ. ಅಜ್ಜಿಯ ಆ ಪ್ರಶ್ನೆಯಲ್ಲಿ ಗೊಬ್ಬರದ ವಿಜ್ಞಾನದ ಮುಕ್ಕಾಲು ಭಾಗ ಇತ್ತು ಎಂದು ನನಗೆ ಗೊತ್ತಾಗಿದ್ದು ಆಮೇಲೆ ಓದಿದಾಗ.

ಕಸವನ್ನು ಕೊಳೆಸುವುದು ಸೂಕ್ಷ್ಮಜೀವಿಗಳು. ಅವುಗಳಲ್ಲಿ ಎರಡು ಬಗೆ. ಒಂದು ಬಗೆಯವಕ್ಕೆ ನಮ್ಮ ಹಾಗೆ ಆಮ್ಲಜನಕ ಬೇಕು. ಅವು ಕಸವನ್ನು ತಿಂದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತವೆ. ಇವ್ಯಾವುವೂ ನಾರುವುದಿಲ್ಲ. ಇನ್ನೊಂದು ಬಗೆಯವು ಗಾಳಿಯಿಲ್ಲದ ಕಡೆ ಬೆಳೆಯುತ್ತವೆ. ಅವುಗಳ ಕೆಲಸ ನಿಧಾನ, ಮತ್ತು ಹೊರಗೆ ಬರುವುದು ಹುಳಿ ವಾಸನೆಯ ಆಮ್ಲಗಳು, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಮೀಥೇನ್. ಅಂದರೆ ನಾತ ಕಸದ ಗುಣವಲ್ಲ, ಕಸಕ್ಕೆ ಉಸಿರು ಕಟ್ಟಿದೆ ಎಂಬುದರ ಸೂಚನೆ.

ಉಸಿರು ಕಟ್ಟಿಸುವುದು ಮುಖ್ಯವಾಗಿ ನೀರು. ಸೋರೆ, ಸೌತೆ, ಟೊಮ್ಯಾಟೊಗಳ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ಸಿಪ್ಪೆ ಮೆತ್ತಗಾದಂತೆ ಆ ನೀರು ಇಳಿದು ನಡುವಿನ ಸಂದುಗಳನ್ನೆಲ್ಲ ತುಂಬುತ್ತದೆ. ಮೇಲೆ ಬಿಗಿ ಮುಚ್ಚಳ ಹಾಕಿದರೆ ಮುಗಿಯಿತು. ವಾಸನೆ ಬಂತೆಂದು ಮುಚ್ಚಳವನ್ನು ಇನ್ನಷ್ಟು ಒತ್ತುವುದು ನಾನು ಮಾಡಿದ ಎರಡನೇ ತಪ್ಪು.

ಒಣ ಎಲೆ ಇಲ್ಲಿ ಎರಡು ಕೆಲಸ ಮಾಡುತ್ತದೆ. ಹೆಚ್ಚುವರಿ ನೀರು ಹೀರಿಕೊಂಡು ಗಾಳಿಯಾಡಲು ಸಂದು ಉಳಿಸುತ್ತದೆ. ಜೊತೆಗೆ ಇಂಗಾಲ ಕೊಡುತ್ತದೆ. ಸೂಕ್ಷ್ಮಜೀವಿಗೆ ಇಂಗಾಲ ಅನ್ನ ಇದ್ದ ಹಾಗೆ, ಸಾರಜನಕ ಬೇಳೆ ಇದ್ದ ಹಾಗೆ. ಎರಡೂ ಬೇಕು, ಅನ್ನ ಹೆಚ್ಚು ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೆಲಸ ಚುರುಕಾಗಿ ಸಾಗುತ್ತದೆ. ಅಡುಗೆಮನೆ ಕಸದಲ್ಲಿ ಸಾಮಾನ್ಯವಾಗಿ ಇಂಗಾಲ 15ರಿಂದ 20 ಪಾಲು ಮಾತ್ರ. ಒಣ ಎಲೆಯಲ್ಲಿ ಮರದ ಜಾತಿಯ ಮೇಲೆ ಸುಮಾರು 40ರಿಂದ 80. ಇಂಗಾಲ ಸಾಲದಿದ್ದರೆ ಮಿಕ್ಕ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ಸಾರ್ವಜನಿಕ ಶೌಚಾಲಯದ ಹತ್ತಿರ ಮೂಗಿಗೆ ಹೊಡೆಯುವ ಅದೇ ಘಾಟು. ಗಿಡಕ್ಕೆ ಸೇರಬೇಕಾದ ಪೋಷಕಾಂಶ ಹೀಗೆ ಗಾಳಿಪಾಲಾಗುತ್ತದೆ ಎನ್ನುವುದು ಅದರ ಇನ್ನೊಂದು ನಷ್ಟ.

ಮನೆಯಲ್ಲಿ ಈ ಲೆಕ್ಕವನ್ನೆಲ್ಲ ಹಾಕುತ್ತಾ ಕೂರಬೇಕಿಲ್ಲ. ಒಂದು ಬಟ್ಟಲು ಹಸಿ ಕಸ ಹಾಕಿದರೆ, ಕೈಯಲ್ಲಿ ಪುಡಿ ಮಾಡಿದ ಒಣ ಎಲೆ ಅದೇ ಬಟ್ಟಲಲ್ಲಿ ಎರಡು. ಹಸಿ ಕಸ ಕಣ್ಣಿಗೆ ಕಾಣದಷ್ಟು ಮುಚ್ಚಿದರೆ ನುಸಿಯೂ ಕಡಿಮೆ. ಮಾವು, ಹಲಸಿನ ಎಲೆಗಳಿಗೆ ಮೇಣದಂಥ ಹೊದಿಕೆ ಇರುವುದರಿಂದ ಚೂರು ಮಾಡಿಯೇ ಹಾಕಿ. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಹರಿದ ರಟ್ಟು, ಮೊಟ್ಟೆ ಟ್ರೇ ಆಗುತ್ತದೆ. ಡಬ್ಬಿಯ ಬದಿಯಲ್ಲೂ ತಳದಲ್ಲೂ ತೂತು ಕೊರೆದು ಕೆಳಗೊಂದು ತಟ್ಟೆ ಇಡಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಮಾಡಿ. ತೇವ ಸರಿಯಾಗಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಹಿಂಡಿ: ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಮಜ್ಜಿಗೆ ಹಾಕಬೇಕು, ಬೆಲ್ಲದ ನೀರು ಹಾಕಬೇಕು, ಅಂಗಡಿಯ 'ಕಲ್ಚರ್' ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಸಿಗುತ್ತಾರೆ. ಹಾಕಿದರೆ ತಪ್ಪೇನಿಲ್ಲ. ಆದರೆ ಬೇಕಾದ ಸೂಕ್ಷ್ಮಜೀವಿಗಳು ಸಿಪ್ಪೆಯ ಮೇಲೆ, ಎಲೆಯ ಮೇಲೆ ಆಗಲೇ ಇವೆ. ತೀರಾ ಅನುಮಾನವಿದ್ದರೆ ಕುಂಡದಿಂದ ಒಂದು ಹಿಡಿ ಮಣ್ಣು ಸಾಕು. ಗಾಳಿಯಿಲ್ಲದ ಡಬ್ಬಿಗೆ ಎಷ್ಟು ದುಬಾರಿ ಪುಡಿ ಸುರಿದರೂ ನಾತ ಹೋಗುವುದಿಲ್ಲ, ಅದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ನಿಂಬೆ, ಕಿತ್ತಳೆ ಸಿಪ್ಪೆ ಹಾಕಲೇಬಾರದು ಎಂಬುದೂ ಪೂರ್ತಿ ನಿಜವಲ್ಲ. ಎರೆಹುಳದ ತೊಟ್ಟಿಗೆ ಅದು ಒಗ್ಗುವುದಿಲ್ಲ. ಸಾಧಾರಣ ಗೊಬ್ಬರದಲ್ಲಿ ಚೂರು ಮಾಡಿ ಸ್ವಲ್ಪ ಸ್ವಲ್ಪ ಹಾಕಿದರೆ ನಿಧಾನವಾಗಿ ಕರಗುತ್ತದೆ. ಅನ್ನ, ಚಪಾತಿ ಕೂಡ ಸ್ವಲ್ಪ ಪರವಾಗಿಲ್ಲ. ಮೀನು, ಮಾಂಸ, ಎಣ್ಣೆಯ ಪದಾರ್ಥಗಳನ್ನು ಮಾತ್ರ ಬಾಲ್ಕನಿ ಡಬ್ಬಿಯಿಂದ ದೂರವಿಡಿ, ಇಲಿ ಬರುತ್ತದೆ. 'ಕಾಂಪೋಸ್ಟಬಲ್' ಎಂದು ಬರೆದ ಚೀಲಗಳನ್ನೂ ಹಾಕಬೇಡಿ. ಅವುಗಳಲ್ಲಿ ಹಲವು ಕರಗಲು 55 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ವಾರಗಟ್ಟಲೆ ಬೇಕು, ಸಣ್ಣ ಡಬ್ಬಿ ಅಷ್ಟು ಬಿಸಿಯಾಗುವುದಿಲ್ಲ. ಶಾಖ ಒಳಗೇ ಉಳಿಯಬೇಕಾದರೆ ರಾಶಿ ಸುಮಾರು ಒಂದು ಘನ ಮೀಟರ್‌ನಷ್ಟಾದರೂ ಇರಬೇಕು. ಬೀಜ ಕಟ್ಟಿದ ಕಳೆ, ರೋಗ ಬಂದ ಗಿಡಗಳನ್ನು ಡಬ್ಬಿಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ಆ ಹುಳ. ನನ್ನ ಡಬ್ಬಿಯಲ್ಲಿದ್ದಂಥ, ಬೂದುಬಿಳಿ ಬಣ್ಣದ, ಚಪ್ಪಟೆಯಾದ, ಗಡುಸು ಮೈಯ ಹುಳಗಳು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಗಳು. ಬೆಳೆದ ನೊಣ ಕಚ್ಚುವುದಿಲ್ಲ, ಮನೆನೊಣದಂತೆ ಊಟದ ತಟ್ಟೆಗೂ ಮುತ್ತುವುದಿಲ್ಲ. ಮರಿಗಳಂತೂ ಕಸವನ್ನು ನಮಗಿಂತ ಶ್ರದ್ಧೆಯಿಂದ ತಿಂದು ಮುಗಿಸುತ್ತವೆ. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಬೇಡವೆಂದರೆ ಒಣ ಎಲೆ ಹೆಚ್ಚಿಸಿ, ತೇವ ಇಳಿದಂತೆ ಅವೂ ಕಡಿಮೆಯಾಗುತ್ತವೆ.

ಇಷ್ಟೆಲ್ಲ ಯಾಕೆ, ಹಸಿ ಕಸ ತಾನಾಗಿಯೇ ಕೊಳೆಯುವುದಲ್ಲವೇ, ಗಾಡಿಗೆ ಕೊಟ್ಟರಾಯಿತು ಎಂದು ಕೇಳಬಹುದು. ಗಾಡಿಯಲ್ಲಿ ಹೋದ ಹಸಿ ಕಸ ಗೊಬ್ಬರದ ಘಟಕ ತಲುಪಿದರೆ ಸರಿ. ಪ್ಲಾಸ್ಟಿಕ್ಕಿನ ಜೊತೆ ಬೆರೆತು ಕಸದ ಗುಡ್ಡ ಸೇರಿದರೆ ಅಲ್ಲಿ ಆಗುವುದು ನನ್ನ ಪೇಂಟ್ ಡಬ್ಬಿಯಲ್ಲಿ ಆದದ್ದೇ, ಲಕ್ಷಾಂತರ ಟನ್ ಪ್ರಮಾಣದಲ್ಲಿ. ಅಲ್ಲಿ ಹುಟ್ಟುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಕಪ್ಪು ನೀರು ಅಂತರ್ಜಲಕ್ಕೆ ಇಳಿಯುತ್ತದೆ. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಾಗ ಬೆಂಗಳೂರಿನ ಬೀದಿಗಳೇ ತಿಪ್ಪೆಗಳಾಗಿದ್ದವು. 2014ರಲ್ಲಿ ಮಂಡೂರಿನ ಜನ ಲಾರಿಗಳು ಬರಕೂಡದೆಂದು ಬೀದಿಗಿಳಿದರು. ನಮ್ಮ ಒಂಬತ್ತು ದಿನದ ನಾತಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು; ಅವರು ಅದನ್ನು ವರ್ಷಗಟ್ಟಲೆ ಉಸಿರಾಡಿದ್ದರು.

ವಿಚಿತ್ರವೆಂದರೆ ನಮ್ಮ ಡಬ್ಬಿಗೆ ಬೇಕಾದ ಒಣ ಎಲೆ ಅದೇ ಬೀದಿಯಲ್ಲಿ ಬಿದ್ದಿರುತ್ತದೆ. ಚಳಿ ಮುಗಿಯುವ ಹೊತ್ತಿಗೆ ರಸ್ತೆ ಬದಿಯ ಮರಗಳು ಎಲೆ ಉದುರಿಸುತ್ತವೆ, ಬೆಳಗ್ಗೆ ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಾರೆ. ಹಾಗೆ ಸುಡಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ನಾನೀಗ ಫೆಬ್ರವರಿ, ಮಾರ್ಚ್‌ನಲ್ಲಿ ಅಪಾರ್ಟ್‌ಮೆಂಟಿನ ಗುಡಿಸುವ ಅಕ್ಕನಿಗೆ ಹೇಳಿ ನಾಲ್ಕು ಗೋಣಿಚೀಲ ತುಂಬಿಸಿಟ್ಟುಕೊಳ್ಳುತ್ತೇನೆ. ಇಬ್ಬರೇ ಇರುವ ಮನೆಗೆ ಮಳೆಗಾಲ ದಾಟುವವರೆಗೂ ಬರುತ್ತದೆ.

ತುಂಬಿದ ಡಬ್ಬಿಯನ್ನು ಎರಡರಿಂದ ಮೂರು ತಿಂಗಳು ಬಿಡಬೇಕು, ಅಲ್ಲಿಯವರೆಗೆ ಇನ್ನೊಂದು ಡಬ್ಬಿ. ಕೊನೆಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ, 'ಕಸ ಮಣ್ಣಾಯಿತು' ಎನ್ನುತ್ತೇವಾದರೂ ಅದರ ಬಹುಪಾಲು ಹೋಗುವುದು ಗಾಳಿಗೆ. ಉಳಿದದ್ದು ಕಪ್ಪಗೆ, ಉದುರುದುರಾಗಿ, ಮೊದಲ ಮಳೆಗೆ ನೆಲದಿಂದ ಏಳುವಂಥ ವಾಸನೆ ಬರುತ್ತಿದ್ದರೆ ಆಗಿದೆ ಎನ್ನಬಹುದು. ಆದರೂ ಅವಸರ ಬೇಡ. ಅರೆಬೆಂದ ಗೊಬ್ಬರ ಬೇರಿಗೆ ಹಾನಿ ಮಾಡಬಹುದು, ಗಿಡದ ಪಾಲಿನ ಸಾರಜನಕವನ್ನೂ ಕಸಿಯಬಹುದು. ಒಂದು ಲೋಟದಲ್ಲಿ ಗೊಬ್ಬರ, ಇನ್ನೊಂದರಲ್ಲಿ ಕುಂಡದ ಮಣ್ಣು ಹಾಕಿ, ಎರಡರಲ್ಲೂ ಹತ್ತು ಹತ್ತು ಮೆಂತ್ಯ ಕಾಳು ಬಿತ್ತಿ. ನಾಲ್ಕೈದು ದಿನದಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಮೊಳೆತರೆ ಗೊಬ್ಬರ ಬಳಸಬಹುದು. ಗೊಬ್ಬರದ ಲೋಟ ಹಿಂದೆ ಬಿದ್ದರೆ ಇನ್ನೊಂದು ತಿಂಗಳು ಬಿಡಿ. ನನ್ನ ಮೊದಲ ಸಲದ ಗೊಬ್ಬರದಲ್ಲಿ ಮೊಳೆತದ್ದು ಹತ್ತಕ್ಕೆ ಮೂರು, ತಿಂಗಳು ಬಿಟ್ಟ ಮೇಲೆ ಒಂಬತ್ತು. ಆ ಮೆಂತ್ಯ ಸೊಪ್ಪಿನಲ್ಲಿ ಒಂದು ಸಣ್ಣ ಕಟ್ಟು ಪಕ್ಕದ ಮನೆ ಆಂಟಿಗೂ ಹೋಯಿತು.